ಪೆನ್ನಿನ ಮುಚ್ಚಳ

ಪೋಸ್ಟ್‌ಕಾರ್ಡಿನಲ್ಲಿ ಕೇಪ್ ಟೌನಿನ ಬೆಟ್ಟ ಮೇಜಿನಂತೆ ಚಪ್ಪಟೆ,
ಮೇಲೆ ಮೋಡದ ಬಟ್ಟೆ ಹಾಸಿರುತ್ತದೆ.
ನಮಗೆ ಕಾಣುವುದು ಅದರ ಬೆನ್ನು.
ಅರವತ್ತೆಂಟರಲ್ಲಿ ಲಾರಿಗೆ ಸಾಮಾನು ಹೇರಿ
ನಮ್ಮವ್ವನನ್ನು ಈ ಮರಳಿಗೆ ತಂದು ಸುರಿದರಲ್ಲ,
ಅಂದಿನಿಂದ ಬೆನ್ನೇ.

ನಾನು ಗಾವಾ ಸಾಲಿ. ನೆಲಮಹಡಿಯಲ್ಲಿ ಹೊಲಿಗೆ.
ಶಾಲೆಯ ಯೂನಿಫಾರ್ಮು, ಮದುವೆಯ ಬಿಳಿ,
ಹೆಣಕ್ಕೆ ಸುತ್ತುವ ಬಿಳಿಯನ್ನೂ ಕತ್ತರಿಸಿಕೊಡುತ್ತೇನೆ.
ಅದಕ್ಕೆ ಹೊಲಿಗೆ ಬೇಡ, ಕೂಲಿ ಕೇಳುವಂತಿಲ್ಲ.
ಈ ವರ್ಷ ಕೂಲಿಯಿಲ್ಲದ ಕೆಲಸವೇ ಹೆಚ್ಚು.

ಒಂದೇ ವಾರಾಂತ್ಯಕ್ಕೆ ಹನ್ನೊಂದು ಬಿದ್ದ ಮೇಲೆ
ಮಂತ್ರಿಗಳು ಬಂದರು.
ಅಂಗಿಯ ಮೇಲೆ ಗುಂಡು ತಡೆಯುವ ಜಾಕೆಟ್ಟು,
ಒಂದು ಸೈಜು ದೊಡ್ಡದು;
ಹೊಲಿಗೆಯವಳ ಕಣ್ಣಿಗೆ ಮೊದಲು ಬಿದ್ದದ್ದು ಅದು.
ಮೂರು ತಿಂಗಳು ಸೈನ್ಯ ಎಂದರು. ಚಪ್ಪಾಳೆಯೂ ಬಿತ್ತು,
ಸುಳ್ಳೇಕೆ, ನಾನೂ ತಟ್ಟಿದೆ.

ಬಂದವರು ಹುಡುಗರು, ಎಲ್ಲೋ ಲಿಂಪೋಪೋ ಕಡೆಯವರು.
ಒಬ್ಬ ಕಿತ್ತುಹೋದ ಗುಂಡಿ ಹಾಕಿಸಿಕೊಂಡು
ಬಂದೂಕನ್ನು ನನ್ನ ಮಿಶಿನ್ನಿಗೆ ಒರಗಿಸಿ ಕೂತ,
ಅವನ ಅಮ್ಮನ ಬಗ್ಗೆ ಹೇಳಿದ.
ಅಷ್ಟು ದಿನ ಗ್ಯಾಂಗಿನವರು ಮನೆಯಲ್ಲೇ ಉಂಡು ಮಲಗಿದರು.
ಶುಕ್ರವಾರ ಟ್ರಕ್ಕುಗಳು ಹೋದವು.
ಶನಿವಾರ ಸಂಜೆ ಮೊಮ್ಮಗಳು ಊಟದ ತಟ್ಟೆಯ ಮುಂದೆ
ಬೆರಳು ಮಡಿಸುತ್ತಾ ಎಣಿಸಿದಳು: ಆರು. ಏಳು.
ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದರಂತೆ ಹಿಂದೆ;
ಇವರು ಹೋಗುವಾಗ ಬಾಗಿಲನ್ನೂ ಹೊತ್ತುಕೊಂಡು ಹೋದರು.

ಏಳನೆಯದು ಮೇಲಿನ ಮನೆಯ ಮೋರೀದಾಳ ಮಗ ಇಖ್ಸಾನ್,
ಬ್ರೆಡ್ಡಿಗೆಂದು ಇಳಿದಿದ್ದ.
ನಾನು ಕಿಟಕಿಯ ಬೆಳಕಿಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ,
ಕಂಡೆ.
ಹೊಡೆದವನ ಮುಖ ನೋಡಬೇಕಿರಲಿಲ್ಲ.
ಆರನೇ ಕ್ಲಾಸಿನಲ್ಲಿದ್ದಾಗ ಅವನ ಪ್ಯಾಂಟಿನ ಅಂಚು ಬಿಚ್ಚಿ
ಎರಡು ಸಲ ಉದ್ದ ಮಾಡಿಕೊಟ್ಟವಳು ನಾನು;
ಆ ನಡಿಗೆ ಗೊತ್ತು.

ಹೋದ ವರ್ಷ ತೀಮಾ ಹೇಳಿಕೆ ಕೊಟ್ಟಿದ್ದಳು.
ಮಗ್ರಿಬ್ ನಮಾಜಿನ ಹೊತ್ತಿಗೆ ಅವಳಾಡಿದ ಮಾತು ಮಾತಿಗೆ ಮಾತು
ಬೀದಿಯ ಮೂಲೆಯಲ್ಲಿತ್ತು.
ಫೈಲು ಕಳೆದಿದೆ ಎಂದರು ಠಾಣೆಯಲ್ಲಿ.
ಕಳೆದಿರಲಿಲ್ಲ, ಆ ಫೈಲಿಗೆ ಕಾಲಿತ್ತು.
ತೀಮಾ ಈಗ ಎಲ್ಲಿದ್ದಾಳೆಂದು ನಾವು ಯಾರೂ ಕೇಳುವುದಿಲ್ಲ.

ಆದರೂ ಹೋದೆ.
ಮೋರೀದಾ ನನ್ನನ್ನು ಏನೂ ಕೇಳಲಿಲ್ಲ, ಅದಕ್ಕೆ.

ಮಂತ್ರಿಗಳು ಬಿಟ್ಟುಹೋದ ಕಬ್ಬಿಣದ ಡಬ್ಬಿಯಂಥ ಠಾಣೆ.
ಕಾನ್‌ಸ್ಟೇಬಲ್ ನೊಮ್‌ವುಜೊ ಹೆಸರು ಬರೆದುಕೊಂಡಳು, ವಿಳಾಸ,
ಮೇಲೆ ನೋಡದೆಯೇ ಕೇಳಿದಳು:
ನಿಮ್ಮ ಬಾಗಿಲು ರಸ್ತೆಯ ಕಡೆಗಾ?
ಹೌದು.
ಕಬ್ಬಿಣದ್ದಾ?
ಮರದ್ದು.
ಅವಳ ಬೆನ್ನ ಹಿಂದೆ ಸಾರ್ಜೆಂಟು ಫೋನಿನಲ್ಲಿ
ಯಾರೊಂದಿಗೋ ನಗುತ್ತಿದ್ದವನು ನಗು ನಿಲ್ಲಿಸಿದ.
ಪೆನ್ನಿಗೆ ಮುಚ್ಚಳ ಹಾಕಿದಳು. ಟಕ್.
ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ನನ್ನ ಅಂಗೈಗಿಟ್ಟು
ಡಬ್ಬಿಗೆಲ್ಲ ಕೇಳುವಂತೆ ಅಂದಳು:
ಕಳೆದ ಗುರುತಿನ ಚೀಟಿಗೆ ಬೇರೆ ಕಚೇರಿ, ಅಮ್ಮಾ,
ಇಲ್ಲಿ ಬರಬೇಡಿ.

ಬದುಕಿದ್ದೇನೆ. ಅವನೂ ಬದುಕಿದ್ದಾನೆ,
ದಿನಾ ನನ್ನ ಕಿಟಕಿ ಹಾದು ಹೋಗುತ್ತಾನೆ,
ಸಲಾಂ ಹೇಳುತ್ತಾನೆ.
ನಮ್ಮ ಕಡೆ ದೂರುಗಳು ಇಳಿದಿವೆಯಂತೆ,
ರೇಡಿಯೋದಲ್ಲಿ ಮಂತ್ರಿಗಳ ದನಿ;
ಜನರಿಗೆ ನಂಬಿಕೆ ಮರಳುತ್ತಿದೆಯಂತೆ.

ನಿನ್ನೆ ಅವಳು ಬಂದಿದ್ದಳು,
ನೀಲಿ ಪ್ಯಾಂಟು ಸೊಂಟದಲ್ಲಿ ಜಾರುತ್ತಿದೆಯೆಂದು.
ಇಳಿದುಹೋಗಿದ್ದಾಳೆ.
ಮಂಡಿಯೂರಿ ಅಳತೆ ಹಿಡಿಯುತ್ತಿದ್ದೆ.
ಆ ಕಾಗದ ಇದೆಯಾ, ಎಂದಳು,
ಗೋಡೆಯ ಕ್ಯಾಲೆಂಡರನ್ನು ಕೇಳುವಂತೆ.

ಮಿಶಿನ್ನಿನ ಅಡಿ ತಗಡಿನೊಳಗಿದೆ. ಎಣ್ಣೆ ತಾಗಿದೆ,
ನನ್ನ ಹೆಸರಷ್ಟೇ ಓದಬಹುದು.
ನನ್ನ ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು.
ಒಂದೊಂದಾಗಿ ತೆಗೆದು
ಎರಡಿಂಚು ಒಳಗೆ ಹಿಡಿದೆ.