ಬಿಡಿಭಾಗಗಳ ಗೋಡೆ

ಹತ್ತೊಂಬತ್ತು ವರ್ಷ ಬ್ಯಾಲರಾಟಿನಲ್ಲಿ ಬಸ್ಸು ಓಡಿಸಿದೆ,
ಒಂದು ಕನ್ನಡಿಯನ್ನೂ ಒಡೆದವಳಲ್ಲ.
ಡಿಪೋದವರು ಅದಕ್ಕೊಂದು ಫಲಕ ಕೊಟ್ಟರು.
ಶಾಂತಲಾ ಹೋಗಿ ಶಾಂಟೆಲ್ ಆಗಿತ್ತು ಅದರಲ್ಲಿ.
ಅದೇ ವಾರ
ಡಿಕ್ಕಿ ಹೊಡೆಸಬಹುದಾದ ಕಾರೊಂದು
ಬೇಕೇ ಬೇಕು ಅನಿಸಿತು.

ಸೆಬಾಸ್ಟಪೋಲಿನ ತುದಿಗೆ ಮರ್ವಿನ್‌ನ ಅಂಗಡಿ.
ಜುಲೈ ಚಳಿಗೆ ಗಾಜೆಲ್ಲ ಬೆವೆತು
ಒಳಗಿನ ಪುಟ್ಟ ಕಾರುಗಳು ತೊಟ್ಟಿಯ ಮೀನುಗಳ ಹಾಗೆ.
ನಾನು ಬೆರಳು ತೋರಿದ್ದು ಕೆಂಪನೆಯದಕ್ಕೆ:
ನಾಲ್ಕೂ ಚಕ್ರಕ್ಕೆ ಎಳೆತ,
ಗಂಟೆಗೆ ತೊಂಬತ್ತು ಕಿಲೋಮೀಟರ್ ಎಂದು
ಪೆಟ್ಟಿಗೆಯ ಮೇಲೆ ಬೆಂಕಿ ಹತ್ತಿದ ಅಕ್ಷರ.

‘ಓಡುತ್ತೇನೆ ಅಂತ ಹೇಳಿಕೊಳ್ಳುತ್ತಿದೆ,
ತಿರುಗುತ್ತೀಯಾ ಅಂತ ಕೇಳಿದಿರಾ?’ ಎಂದ ಮರ್ವಿನ್,
ಕನ್ನಡಕ ಹಣೆಗೇರಿಸಿ.
ನನ್ನ ಭುಜ ಹಿಡಿದು ಕಾರುಗಳಿಗೆ ಬೆನ್ನು ಮಾಡಿಸಿದ.
ಎದುರಿಗೆ ಒಂದು ಗೋಡೆ. ಗೋಡೆ ತುಂಬ ಕೊಕ್ಕೆ.
ಕೊಕ್ಕೆಗೊಂದು ಪ್ಲಾಸ್ಟಿಕ್ ಚೀಲ,
ಚೀಲಗಳಲ್ಲಿ ತೋಳು, ಕೀಲು, ಹಲ್ಲುಚಕ್ರ,
ಅಕ್ಕಿಕಾಳಿನಷ್ಟು ತಿರುಪು.
‘ಕೊಳ್ಳುವ ಮೊದಲು ಇದನ್ನು ಓದಿ.
ಯಾವ ಕಾರಿನ ಕೈಕಾಲು ಇಲ್ಲಿ ತೂಗುತ್ತಿದೆಯೋ
ಅದು ನಿಮ್ಮ ಕಾರು. ಆ ಕೆಂಪಿನದು
ಮುರಿದರೆ ಆರು ವಾರ ಹಡಗಿಗೆ ಕಾಯಬೇಕು.’

ನಮ್ಮ ದೊಡ್ಡಪ್ಪ ಸಂತೆಯಲ್ಲಿ ಎತ್ತು ಕೊಳ್ಳುವಾಗ
ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ,
ಟವಲಿನ ಅಡಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ.
ಬದಲಿ ಕಾಲು ಎಲ್ಲಿ ಸಿಗುತ್ತದೆ ಅಂತ
ಅವನೂ ಕೇಳಿದ್ದಿಲ್ಲ.

ಕಡೆಗೆ ಒಂದು ಬಗ್ಗಿ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ,
ಸಾಧು ಮೋಟಾರು, ಬಿಳಿ ಮೈ, ಬಣ್ಣ ನಾವೇ ಬಳಿಯಬೇಕು.
ಮುನ್ನೂರ ಇಪ್ಪತ್ತು ಡಾಲರ್. ಚಾರ್ಜರ್ ಬೇರೆ.
‘ಕಟ್ಟಿದ್ದು ಬೇಕೋ, ಕಟ್ಟುವುದೋ?’
ಕಟ್ಟುವುದು ಅಂದೆ. ಬಾಯಿ ತಪ್ಪಿ ಅಂದೆನೋ ಏನೋ.
‘ಹಾಗಾದರೆ ಬಿಚ್ಚಲೂ ಬರುತ್ತದೆ,’ ಎಂದು
ಎರಡು ಮುಂದೋಳು ಪುಕ್ಕಟೆ ಎಸೆದ ಚೀಲಕ್ಕೆ.

ಹನ್ನೊಂದು ರಾತ್ರಿ ಊಟದ ಮೇಜು ಗ್ಯಾರೇಜಾಯಿತು.
ಎಳ್ಳಿನಷ್ಟು ಕ್ಲಿಪ್ಪೊಂದು ಹಾರಿ ಕಳೆಯಿತು.
ಗಂಡ ಮಂಡಿಯೂರಿ ಟಾರ್ಚು ಬಿಟ್ಟು ಹುಡುಕಿದರು.
ಮೂರನೇ ದಿನ ಒಗ್ಗರಣೆಗೆ ಸಾಸಿವೆ ಹಾಕಿದರೆ
ಎಲ್ಲ ಸಿಡಿದ ಮೇಲೂ ಸಿಡಿಯದೆ ಉಳಿದಿತ್ತು ಒಂದು ಕಾಳು.

ಭಾನುವಾರ. ಫುಟ್‌ಬಾಲ್ ಮೈದಾನದ ಹಿಂದೆ ಮಣ್ಣಿನ ದಾರಿ,
ಅಂಚಿಗೆ ಹಳೇ ನೀರಿನ ಪೈಪು.
ಹಲಗೆಯ ಅಟ್ಟದ ಮೇಲೆ ಎಂಟು ಜನ, ಒಂಬತ್ತನೆಯವಳು ನಾನು.
ಹೋಗುವಾಗ ಸರಿಯೇ ಹೋಯಿತು:
ಬಲ ಅಂದರೆ ಬಲ, ಎಡ ಅಂದರೆ ಎಡ.
ತಿರುವು ದಾಟಿ ನನ್ನತ್ತ ಬರತೊಡಗಿದ್ದೇ
ಬಲಕ್ಕೆ ತಿರುವಿದರೆ ಎಡಕ್ಕೆ ಬಂತು.
ಇಷ್ಟು ವರ್ಷ ಒಳಗೇ ಕೂತು ಓಡಿಸಿದವಳು,
ನನ್ನೆದುರಿಗೇ ಬರುವ ನನ್ನನ್ನು
ತಿರುಗಿಸಿ ಗೊತ್ತಿರಲಿಲ್ಲ.

ಪೈಪಿಗೆ ಬಡಿದು ಆಮೆಯಾಯಿತು ಬಗ್ಗಿ.
ಫ್ರೇಯಾ ಅಂತ ಒಂಬತ್ತು ವರ್ಷದ ಹುಡುಗಿ
ಬೂಟು ತುಂಬ ಕೆಸರು, ಓಡಿ ಬಂದು ಎತ್ತಿ ನಿಲ್ಲಿಸಿದಳು.
ಏಳು ಸಲ. ಏಳು ಸಲವೂ ನಾನು ‘ಸಾರಿ’ ಎಂದೆ.
‘ಯಾಕೆ ಸಾರಿ?
ಮುಂದಿನ ರೇಸಿಗೆ ನೀವು ನನ್ನದನ್ನು ಎತ್ತಬೇಕು.’

ಎಂಟನೆಯದಕ್ಕೆ ಚಟ್ಟೆಂದು ಮುರಿಯಿತು ತೋಳು.
ನಾನು ನಕ್ಕಿದ್ದು ಅಟ್ಟದವರಿಗೆಲ್ಲ ಕೇಳಿತಂತೆ.

ಈಗ ಬೆಂಚಿನ ಮೇಲೆ, ಬೆರಳು ಮರಗಟ್ಟಿ,
ಮರ್ವಿನ್ ಕೊಟ್ಟ ಎರಡು ತೋಳು ಹಿಡಿದು ಕೂತಿದ್ದೇನೆ.
ಒಂದು ಎಡದ್ದು, ಒಂದು ಬಲದ್ದು.
ಯಾರ ಎಡ? ನನ್ನದೋ,
ನನ್ನತ್ತ ಮೂತಿ ಮಾಡಿ ಕೂತಿದೆಯಲ್ಲ, ಇದರದೋ?