ಹೊಟ್ಟಿ ಒಡದ ಕಾಯಿ

ಧಾರವಾಡದಿಂದ ಹಾರ ವಾಪಸ್ ಬಂತು.
ಐದೆಳಿದು, ಜರಿಗೊಂಡ್ಯಾದ್ದು,
ಯಾರೋ ದೊಡ್ಡವರ ಕೊರಳಿಗಂತ ಒಯ್ದಿದ್ದರು.
ಯಾಕ ಅಂತ ಕೇಳಿದರ
ತಂದ ಹುಡುಗ ನೆಲಾ ನೋಡಿಕೋತ ಅಂದ:
'ಸಾಹೇಬರು ಮೂಸಿದರ್ರೀ. ಬೀಡಿ ನಾರತೈತಂತ.'

ನಾ ಮೂಸಿದೆ. ಏನೂ ಇಲ್ಲ.
ಜೈಬುನ್ನಿಸಾ ಮೂಸಿದಳು, ಏನೂ ಅನ್ನಲಿಲ್ಲ.
ಮತ್ತ ಸೂಜಿ ಹಿಡದು ಕುಂತಳು.
ಒಂದ ಏಟಿಗೆ ಕಣ್ಣು ಹೊಗೂ ದಾರ
ಅವತ್ತು ನಾಕು ಸಲ ತಪ್ಪಿತು.

ಹದಿನಾಲ್ಕಕ್ಕ ಹಿಡದದ್ದು ನಾ,
ಅಪ್ಪನ ಕಟ್ಟಿನಾಗಿಂದ ಒಂದು ಕದ್ದು,
ಹಾವೇರಿ ಟೇಸನ್ನಿನ ನೀರಿನ ಟಾಕಿ ಹಿಂದ.
ಅಂವ ಎಣಿಸಿ ಇಡತಿದ್ದ, ಗೊತ್ತಾಗಿತ್ತು ಅಂವಗ.
ಬಡೀಲಿಲ್ಲ. ಮರುದಿನ ಕಡ್ಡಿಪೆಟಗಿನೂ
ಕಟ್ಟಿನ ಮಗ್ಗಲಕ್ಕ ಇಟ್ಟ.
ಅದು ಅಂತಃಕರಣೋ ಸಿಟ್ಟೋ ಇನ್ನೂ ತಿಳದಿಲ್ಲ.

ಬಿಟ್ಟೆ ಅಂದ ಕೂಡಲೇ ಬಿಡೂದಲ್ಲ ಅದು.
ಮೂರನೇ ದಿನ ಬೆರಳು ತಾವೇ ಎದ್ದು ಕಿಸೆಕ್ಕ ಹೋದವು,
ಎಮ್ಮಿ ಮಾರಿದ ಮ್ಯಾಲೂ
ಹೊತ್ತಿಗೆ ಸರಿಯಾಗಿ ಚರಗಿ ಹಿಡಕೊಂಡು
ಕೊಟಗಿಗೆ ಹೋದಂಗ.
ಗೂಡಂಗಡಿ ಫಕ್ಕೀರಪ್ಪ ಕೇಳದನ ಕಟ್ಟು ಎತ್ತಿ ಹಿಡೀತಾನ,
ಬ್ಯಾಡಂದರ,
'ಮೈಯಾಗ ಆರಾಮಿಲ್ಲೇನು ಗೌಸಣ್ಣ?'

ಬಾಯಾಗ ಏನರ ಬೇಕಲ್ಲ.
ಹಾರಕ್ಕ ಬಾರದ, ಹೊಟ್ಟಿ ಒಡದ ಕಾಯಿ
ಒಂದೊಂದ ಕಡೀಲಿಕ್ಕೆ ಹತ್ತಿದೆ.
ಜೈಬು ಕ್ಯಾಲೆಂಡರಿನ ಅಂಚಿಗೆ ಲೆಕ್ಕಾ ಇಟ್ಟಳು:
ಹದಿನಾರು. ಇಪ್ಪತ್ತೊಂದು. ಇಪ್ಪತ್ತೊಂಬತ್ತು.
'ಬೀಡಿನ ಸೋವಿ ಇತ್ತಲ್ರೀ' ಅಂದು ನಕ್ಕಳು,
ನಕ್ಕೋತನ ಡಬ್ಬಿ ನನ್ನ ಕಡೆ ಸರಿಸಿದಳು.

ವಾಸನಿ ಬಂತು, ಇಪ್ಪತ್ಮೂರನೇ ದಿನಕ್ಕ.
ಏಲಕ್ಕಿದಲ್ಲ. ಗಟಾರದ್ದು.
ಆಮ್ಯಾಲೆ ಚಿಮಣಿ ಎಣ್ಣಿದು,
ಆಮ್ಯಾಲೆ ಬಾಗಲ ಹಿಂದ ತೂಗಬಿದ್ದ ನನ್ನ ಕೋಟಿಂದು,
ಸತ್ತು ಹಳೇದಾದ ಹೊಗಿ.
ಇಷ್ಟು ವರ್ಷ
ಇದರ ಮಗ್ಗಲಕ್ಕ ಮಲಗ್ಯಾಳ ಆಕಿ.

ಒಂದು ರಾತ್ರಿ ಕರೆಂಟು ಹೋದಾಗ
ಚೀಲದ ಬಾಯಿ ಬಿಚ್ಚಿದೆ.
ಕತ್ತಲಾಗ ಹಸರು ಅಂಬೋದು ಮೂಗಿಗೆ ಕಂಡಿತು.
ಮೂವತ್ತೆಂಟು ವರ್ಷ ನಾ ಪೋಣಿಸಿದ್ದು ಏನು?
ಬರೇ ತೂಕ ಮಾರಿಕೋತ ಬಂದೆನೇನೋ.

ಇಲ್ಲಿಗೆ ಮುಗೀತು ಅನಬೇಕಂದರ,
ನಿನ್ನಿ ಬಸ್‌ಸ್ಟ್ಯಾಂಡಿನಾಗ
ಗುತ್ತಲ ಬಸ್ಸು ಕಾಯತಿದ್ದ ಮುದುಕೊಬ್ಬ
ಅಂಗೈ ಗುಮ್ಮಟ ಮಾಡಿ ಕಡ್ಡಿ ಗೀರಿದ.
ನಂದು ರಾಣೆಬೆನ್ನೂರ ಬಸ್ಸು, ಅತ್ತಾಗ ನಿಂತಿತ್ತು.
ಗಾಳಿ ಯಾ ಕಡೆ ಬೀಸತೈತಿ ನೋಡಿದೆ,
ಹೊಗಿ ಬರೂ ಕಡೆ ಹೋಗಿ ನಿಂತೆ.
ಬಸ್ಸು ಹೋತು.

ಕಿಸೆದಾಗ ಕೈ ಹಾಕಿ
ಒಂದು ಕಾಯಿ ಬಾಯಾಗ ಇಟಗೊಂಡೆ.
ಕಡೀಲಿಲ್ಲ.