ಬೀಗದ ತೂತು

ಡಬ್ಬ ತುಂಬ ಖಾಲಿ ತೋಟೆಗೆ ಒಂದು ಡಾಲರು.
ಒಂಬತ್ತು ವರ್ಷದವಳು, ಭಾನುವಾರದ ಇಳಿಹೊತ್ತು
ಗುರಿಮೈದಾನದ ಜಲ್ಲಿಯಲ್ಲಿ ಮೊಣಕಾಲೂರಿ
ಹಿತ್ತಾಳೆ ಹೆಕ್ಕುತ್ತಿದ್ದೆ,
ಅಕ್ಕಿಯಲ್ಲಿ ಕಲ್ಲು ಆರಿಸುವುದರ ತಿರುಗುಮುರುಗು.

ಆರ್ಡೆಲ್ ಅಮ್ಮನ ಎರಡನೆಯ ಗಂಡ.
ಏನಂತ ಕರೆಯಲಿ ಎಂದು ಕೇಳಿದ್ದಕ್ಕೆ
‘ಆರ್ಡೆಲ್ ಅಂತ’ ಅಂದ. ಮುಗಿಯಿತು ಪರಿಚಯ.

ತೋಟೆಗಳನ್ನು ಕುದಿಸಿ, ಮಸಿ ಬಿಡಿಸಿ,
ಬುಡದ ಅಂಚು ನೀವಿ ನೇರ ಮಾಡಿ
ಕಿರುಬೆರಳ ಉಗುರಿಗೆ ಹೊಲಿದಂಥ ಅಂಗಿ ಮಾಡುತ್ತಿದ್ದ.
ಅಂಗಿಯೊಳಗೆ ಸೀಸದ ತುಂಡು,
ಅಚ್ಚಿನೊಳಗೆ ಅಂಗಿ,
ಮೇಲಿಂದ ಸನ್ನೆಯ ಒಂದೇ ಒಂದು ಒತ್ತು.
ಯಾರೋ ಚೆಲ್ಲಿ ಹೋದ ಸದ್ದಿಗೆ
ನಮ್ಮ ಗ್ಯಾರೇಜಿನಲ್ಲಿ ಮತ್ತೆ ಮೂತಿ ಮೂಡುತ್ತಿತ್ತು.

ಸೀಸ ಹೇಳಿದ ಮಾತು ಕೇಳುತ್ತದೆ.
ಉಗುರಿಗೂ ಮಣಿಯುತ್ತದೆ.
ಹಳೆಯ ಟೆಲಿಫೋನ್ ಕೇಬಲ್ಲಿನ ಹೊದಿಕೆ ಅದು,
ಎಷ್ಟು ಜನರ ಜಗಳ, ಎಷ್ಟು ಸಾವಿನ ಸುದ್ದಿ
ಕಾಯ್ದಿತ್ತೋ,
ಕರಗಿದರೆ ಒಂದೂ ನೆನಪಿಲ್ಲದ ಹಾಗೆ ಹೊಳೆಯುತ್ತಿತ್ತು.
ಊಟಕ್ಕೆ ಮುಂಚೆ ಕೈ ತೊಳಿ, ಅನ್ನುತ್ತಿದ್ದ.
ತಾನು ತೊಳೆಯುತ್ತಿರಲಿಲ್ಲ.

ನನಗೆ ಹದಿನಾಲ್ಕಾದಾಗ ಅಮ್ಮ
ಬ್ಯೂಟ್ ಊರಿಗೆ, ತವರಿಗೆ ಹೋದಳು.
ಎರಡು ಸೂಟ್‌ಕೇಸು, ಒಂದು ಇಸ್ತ್ರಿಪೆಟ್ಟಿಗೆ.
ನಾನು ಹೋಗಲಿಲ್ಲ. ಯಾಕೆಂದರೆ
ಶನಿವಾರಕ್ಕೆ ಇನ್ನೂ ನಲವತ್ತು ಗುಂಡು ಒತ್ತುವುದಿತ್ತು.
ಬೇರೆ ಕಾರಣ ಇದ್ದರೂ
ಅದನ್ನು ನಾನು ಯಾರಿಗೂ ಹೇಳಿಲ್ಲ.

ಲೆಮ್‌ಹೈ ಕಣಿವೆಯಲ್ಲಿ ಹಿಮ ಕರಗಿತೆಂದರೆ
ಕುದುರೆಮೆಂತೆಯ ಹೊಲದ ತುಂಬ ನೆಲ ಅಳಿಲು.
ಹೊಡೆದದ್ದನ್ನು ಹೊಡೆದಲ್ಲೇ ಬಿಡುವುದು ವಾಡಿಕೆ.
ಸಂಜೆಗೆ ಯಾರಾದರೂ ಬಂದು ಗುಡಿಸುತ್ತಿದ್ದರು,
ಮೇಲಿನಿಂದ, ರೆಕ್ಕೆ ಬಿಚ್ಚಿ.

ಆ ಏಪ್ರಿಲ್ಲಿನಲ್ಲಿ ಬೇಲಿಯ ಬುಡದಲ್ಲಿ
ಹೊಂಗರುಡವೊಂದು ಕೂತಿತ್ತು, ಕತ್ತು ಜೋಲಿ,
ಹತ್ತಿರ ಹೋದರೂ ಹಾರದೆ.
ಕಂಬಳಿಯಲ್ಲಿ ಸುತ್ತಿದೆವು. ಕೂಸಿನ ತೂಕ.
ಡಾಕ್ಟರು ಯೂರ್ಸುಲಾ ಪಿಂಕ್‌ಸ್ಟನ್
ಎಕ್ಸ್‌ರೇ ಬೆಳಕಿಗೆ ಹಿಡಿದಳು:
ಹೊಟ್ಟೆಯಲ್ಲಿ ಸಾಸಿವೆಯಷ್ಟು ಬಿಳಿ, ಮೂರು ಕಡೆ.
‘ನನ್ನದೇ ಇರಬೇಕು ಅಂತೇನಿಲ್ಲ’ ಅಂದ ಆರ್ಡೆಲ್.
ಅವನದು ಎಂದು ಯಾರೂ ಅಂದಿರಲಿಲ್ಲ.

ಹಕ್ಕಿ ಗುರುವಾರ ಸತ್ತಿತು.
ಶುಕ್ರವಾರ ಅವನು
ಬೌಲಿಂಗಿನಲ್ಲಿ ಗೆದ್ದ ತವರದ ಮಗ್ಗುಗಳನ್ನು ಇಳಿಸಿ,
ಹೆಸರು ಕೆತ್ತಿದ್ದನ್ನೂ ಬಿಡದೆ,
ಒಲೆಗೆ ಇಟ್ಟ.
ಅಮ್ಮ ತವರಿಗೆ ಹೋಗಿ ಆರು ವರ್ಷ,
ನಾವಿಬ್ಬರು ತವರ ಕರಗಿಸುತ್ತ ನಿಂತೆವು.

(ತಾಮ್ರವನ್ನೂ ನೋಡಿದ್ದೆವು.
ಸನ್ನೆ ಬಾಗಿತು, ತಾಮ್ರ ಬಾಗಲಿಲ್ಲ.)

ತವರ ಬಗ್ಗಿಸಿದರೆ ಕಿರುಗುಡುತ್ತದೆ.
ಅದಕ್ಕೆ ಅಳು ಅನ್ನುತ್ತಾರಂತೆ.
ಹಗುರ ಬೇರೆ; ಸೀಸದ ತೂಕ ಬೇಕೆಂದರೆ
ಉದ್ದ ಮಾಡಬೇಕು. ಮಾಡಿದೆವು.
ನೂರು ಹೆಜ್ಜೆಯಾಚೆ ಕಾಗದ ಕಟ್ಟಿ ಹೊಡೆದರೆ
ದುಂಡು ತೂತಲ್ಲ,
ಗುಂಡು ಹೊರಳಿ, ಅಡ್ಡಬಿದ್ದು ತೂರಿ
ಮೇಲೊಂದು ಬೊಟ್ಟು, ಕೆಳಗೊಂದು ಸೀಳು:
ಥೇಟ್ ಬೀಗದ ತೂತು.
ಆರ್ಡೆಲ್ ಅದಕ್ಕೆ ಕಣ್ಣಿಟ್ಟು
ಬಹಳ ಹೊತ್ತು ಬೆಟ್ಟ ನೋಡಿದ.

‘ನಳಿಗೆಯ ಸುರುಳಿ ಹಳೇದು.
ಇಷ್ಟುದ್ದವನ್ನ ತಿರುಗಿಸೋ ಶಕ್ತಿ ಅದಕ್ಕಿಲ್ಲ.
ತೂಕದ ಆಸೆ ಬಿಡಬೇಕು.’
ಐವತ್ತೈದು ಗ್ರೇನಿನಿಂದ ನಲವತ್ತಕ್ಕೆ ಇಳಿದೆವು,
ಒಂದು ಚಳಿಗಾಲ ಪೂರ್ತಿ, ಒಂದೊಂದೇ ಗ್ರೇನು.
ತೂತು ದುಂಡಗಾದ ದಿನ
ಅವನು ಏನೂ ಅನ್ನಲಿಲ್ಲ, ಕಾಫಿಗೆ ಸಕ್ಕರೆ ಹಾಕಿಕೊಂಡ.

ಉಳಿದ ಸೀಸವನ್ನು ಮಾರಲಿಲ್ಲ, ಎಸೆಯಲಿಲ್ಲ.
ಗ್ಯಾರೇಜಿನ ಬಾಗಿಲಿಗೆ ಆನಿಸಿಟ್ಟಿದ್ದೇವೆ.
ಕಣಿವೆಯ ಗಾಳಿಗೆ ಬಾಗಿಲು ಬಡಿಯುವುದು ನಿಂತಿದೆ.
ಭಾರಕ್ಕೆ ಅಷ್ಟು ಕೆಲಸ ಸಾಕು.

ಈಗ ಊಟಕ್ಕೆ ಮುಂಚೆ ಅವನು
ಮೊಣಕೈವರೆಗೂ ತೊಳೆಯುತ್ತಾನೆ.
‘ತವರಕ್ಕೆ ಇಷ್ಟೆಲ್ಲ ಬೇಡ’ ಅಂದೆ ಒಮ್ಮೆ.
‘ಗೊತ್ತು’ ಅಂದ,
ಉಗುರಿನ ಸಂದಿ ಉಜ್ಜುತ್ತಲೇ ಇದ್ದ.